ಒಣಗಿಸಿದ್ದು ಮೊದಲು, ಒಗ್ಗರಣೆ ಕೊನೆಗೆ

ಬಾದಾಮಿ ಸೀಮೆಗೆ ಬಂದ ನೆಂಟರು ಮಧ್ಯಾಹ್ನದ ಊಟ ಮುಗಿಸಿ ಸಂಜೆ ಬಸ್ಸಿಗೆ ಹೊರಡುವುದು ಅಪರೂಪ. ಮೇಣಬಸದಿ, ಅಗಸ್ತ್ಯತೀರ್ಥ, ಭೂತನಾಥನ ಗುಡಿ ನೋಡುವುದರಲ್ಲೇ ಒಂದು ದಿನ ಸರಿದುಹೋಗುತ್ತದೆ. 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಪಟ್ಟದಕಲ್ಲಿಗೆ, ಅದರಾಚೆಯ ಐಹೊಳೆಗೆ ಇನ್ನೊಂದು ದಿನ ಬೇಕು. ಇಷ್ಟು ದೂರ ಬಂದವರು ಕೂಡಲಸಂಗಮಕ್ಕೆ ಹೋಗದೆ ಇರುತ್ತಾರೆಯೇ? ಮನೆಯಲ್ಲಿ ಮದುವೆ ಗೊತ್ತಾಗಿದ್ದರೆ ಇಳಕಲ್ಲಿನ ಜವಳಿ ಅಂಗಡಿಗೂ ಒಂದು ಸುತ್ತು ಆಗಬೇಕು. ಇನ್ನು ಜನವರಿಯಲ್ಲಿ ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆ ಕೂಡಿದರೆ ಹಗಲೆಲ್ಲ ಜಾತ್ರೆಯ ತಿರುಗಾಟ, ರಾತ್ರಿಯೆಲ್ಲ ಕಂಪನಿ ನಾಟಕ. ನೋಡುವವರಿಗೆ ಒಂದು ರಾತ್ರಿ ಸಾಲುವುದಿಲ್ಲ.

ಹೀಗಾಗಿ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲಿನ ಮನೆಗಳಿಗೆ ವಸ್ತಿ ನೆಂಟರು ಹೊಸಬರಲ್ಲ. ಹೊಸದಾಗಿರುವುದು ಅವರಿಗಾಗಿ ನಾವು ಮಾಡಿಕೊಳ್ಳುತ್ತಿರುವ ಫಜೀತಿ. ಬೆಳಗ್ಗೆ ಪೂರಿ-ಸಾಗು, ಮಧ್ಯಾಹ್ನ ಪಲಾವ್, ರಾತ್ರಿ ಬಿಸಿ ಚಪಾತಿ ಜೊತೆ ಪನ್ನೀರು. ಇವೆಲ್ಲ ಬಾಣಲೆಯಿಂದ ನೇರ ತಾಟಿಗೆ ಬಿದ್ದರೆ ಮಾತ್ರ ರುಚಿ. ಹತ್ತು ಜನ ಕುಳಿತರೆ ಮನೆಯಾಕೆ ಕೊನೆಯ ಪೂರಿ ಕರಿದು ಕೈ ತೊಳೆಯುವಷ್ಟರಲ್ಲಿ ನೆಂಟರು ಚಪ್ಪಲಿ ಮೆಟ್ಟಿರುತ್ತಾರೆ. ಆಕೆಯ ತವರಿನವರೇ ಬಂದಿದ್ದರೂ ಕೂತು ನಾಲ್ಕು ಮಾತು ಆಡುವುದಕ್ಕೆ ಆಗಿರುವುದಿಲ್ಲ.

ಈ ನೆಲದ ಅಡುಗೆಗೆ ಇಂಥ ಧಾವಂತ ಗೊತ್ತೇ ಇರಲಿಲ್ಲ. ಹುನಗುಂದದ ಎರೆಹೊಲಗಳು ಮನೆಯ ಬೆನ್ನಿಗೆ ಇರುವುದಿಲ್ಲ. ನಸುಕಿನಲ್ಲಿ ಹೊಲಕ್ಕೆ ಹೋದವರು ಬುತ್ತಿ ಬಿಚ್ಚುವುದು ಹೊತ್ತು ನೆತ್ತಿಗೆ ಬಂದ ಮೇಲೆ. ಅಲ್ಲಿ ಒಲೆ ಇಲ್ಲ, ಬಿಸಿ ಮಾಡುವ ಮಾತಿಲ್ಲ. ಅರ್ಧ ದಿನ ಬಿಸಿಲಲ್ಲಿದ್ದರೂ ಹಳಸಬಾರದು, ತಣ್ಣಗೆ ತಿಂದರೂ ರುಚಿ ಇರಬೇಕು. ಈ ಎರಡು ಪರೀಕ್ಷೆ ಪಾಸಾದ ಪದಾರ್ಥಗಳೇ ನಮ್ಮ ಊಟದ ತಾಟಿನಲ್ಲಿ ಉಳಿದುಕೊಂಡಿವೆ. ಎಳ್ಳಮಾಸಿಗೆ ಚರಗ ಚೆಲ್ಲಲು ಹೋಗುವಾಗ ಗಾಡಿಯಲ್ಲಿ ಹೋಗುವ ಬುಟ್ಟಿಗಳಲ್ಲೂ ಅವೇ. ನಾಗರ ಪಂಚಮಿಗೆ ಮುಂಚಿನ ರೊಟ್ಟಿ ಹಬ್ಬದಲ್ಲಿ ಮನೆಯಿಂದ ಮನೆಗೆ ತಿರುಗುವ ತಾಟುಗಳಲ್ಲೂ ಅವೇ. ಮುಂಚಿತವಾಗಿ ಮಾಡಿಟ್ಟು ನೆಮ್ಮದಿಯಾಗಿ ಉಣಿಸುವ ವಿದ್ಯೆಯನ್ನು ನಾವು ಬೇರೆ ಎಲ್ಲಿಂದಲೋ ಕಲಿಯಬೇಕಾಗಿಲ್ಲ.

ಬಾದಾಮಿಯಿಂದ ಸುಮಾರು 5 ಕಿಲೋಮೀಟರ್ ದೂರದ ಬನಶಂಕರಿ ಗುಡಿಯ ಎದುರು ಹೊಂಡದ ಬದಿಗೆ ಬುಟ್ಟಿ ಇಟ್ಟುಕೊಂಡು ಕೂತ ಹೆಂಗಸರನ್ನು ನೋಡಿದವರಿಗೆ ಇದು ಗೊತ್ತು. ಸುತ್ತಲ ಹಳ್ಳಿಗಳಿಂದ ತಲೆಯ ಮೇಲೆ ಊಟ ಹೊತ್ತು ಬರುವವರು ಅವರು. ಬಟ್ಟೆ ಸರಿಸಿದರೆ ಬಿಳಿಜೋಳದ ರೊಟ್ಟಿ, ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಕಾಳು ಪಲ್ಯ, ಜುಣಕದ ವಡಿ, ಶೇಂಗಾ ಚಟ್ನಿ, ಕೆಂಪು ಖಾರ, ಪುಟ್ಟ ಗಡಿಗೆಯಲ್ಲಿ ಗಟ್ಟಿ ಮೊಸರು. ಅವರ ಹತ್ತಿರ ಒಲೆಯೂ ಇಲ್ಲ, ಸಿಲಿಂಡರೂ ಇಲ್ಲ. ಬೆಂಗಳೂರಿನಿಂದ ಬಂದವರು ನೆಲದ ಮೇಲೆ ಕೂತು ಬೆರಳು ಚೀಪುತ್ತ ಉಂಡು, ಇಂಥ ಊಟ ಎಲ್ಲೂ ಉಂಡಿಲ್ಲ ಎಂದು ಹೊಗಳುತ್ತಾರೆ. ಅದೇ ಜನ ಸಂಜೆ ನಮ್ಮ ಮನೆಗೆ ಬಂದರೆ ನಾವು ಪನ್ನೀರು ಬಡಿಸುತ್ತೇವೆ.

ಆ ಬುಟ್ಟಿಯನ್ನು ಸ್ವಲ್ಪ ಬಿಡಿಸಿ ನೋಡಬೇಕು, ಮೊದಲು ರೊಟ್ಟಿ. ಗೋಧಿ ಹಿಟ್ಟನ್ನು ಹಿಡಿದಿಡುವ ಅಂಟು ಜೋಳದಲ್ಲಿಲ್ಲ. ಅದಕ್ಕೇ ಎಸರು ಕುದಿಸಿ ಹಿಟ್ಟಿಗೆ ಹಾಕುವುದು. ಬಿಸಿಗೆ ಜೋಳದ ಗಂಜಿ ಅಂಶ ಬೆಂದು ಜಿಗಿ ಬರುತ್ತದೆ, ಬಡಿಯಲು ಕೈಗೆ ಸಿಗುತ್ತದೆ. ಒಲೆಯಿಂದ ಇಳಿದ ಬಿಸಿರೊಟ್ಟಿ ಮೆತ್ತಗಿರುತ್ತದೆ. ಆದರೆ ಆರುತ್ತ ಹೋದಂತೆ ಆ ಗಂಜಿ ಮತ್ತೆ ಬಿಗಿದುಕೊಳ್ಳುತ್ತದೆ. ಅದಕ್ಕೆ ಬೆಳಗಿನ ಮೆತ್ತನೆ ರೊಟ್ಟಿ ರಾತ್ರಿ ಹೊತ್ತಿಗೆ ತೊಗಲಿನಂತೆ ಎಳೆಯುತ್ತದೆ. ನೆಂಟರಿಗೆ ಬಡಿಸಬಾರದ್ದು ಈ ನಡುವಿನ ರೊಟ್ಟಿಯನ್ನು. ಒಂದೋ ಎದುರಿಗೆ ಬಡಿದು ಬಿಸಿಯಾಗಿ ಹಾಕಬೇಕು, ಇಲ್ಲವೇ ಪೂರ್ತಿ ಒಣಗಿಸಿ ಖಡಕ್ ಮಾಡಿಡಬೇಕು. ಖಡಕ್ ರೊಟ್ಟಿಯಲ್ಲಿ ನೀರಿನಂಶ ಉಳಿದಿರುವುದಿಲ್ಲವಾದ್ದರಿಂದ ಬೂಸ್ಟು ಹಿಡಿಯುವ ದಾರಿಯೇ ಮುಚ್ಚಿರುತ್ತದೆ. ತೇವ ತಾಕದಂತೆ ಇಟ್ಟರೆ ವಾರಗಟ್ಟಲೆ ಕೆಡುವುದಿಲ್ಲ.

ಹಿಂದೆ ಒಲೆಯ ಮಗ್ಗುಲಿಗೆ ರೊಟ್ಟಿ ಒರಗಿಸಿಟ್ಟರೆ ಕೆಂಡದ ಕಾವಿಗೆ ತಾನೇ ಒಣಗುತ್ತಿತ್ತು. ಆಲಮಟ್ಟಿ ಹಿನ್ನೀರಿಗೆ ಹಳೆ ಬಾಗಲಕೋಟೆಯ ಮನೆ ಬಿಟ್ಟು ನವನಗರದ ಸೆಕ್ಟರುಗಳಿಗೆ ಬಂದವರ ಅಡುಗೆಮನೆಯಲ್ಲಿ ಗ್ಯಾಸಿನ ಎರಡು ಉರಿ ಬಿಟ್ಟರೆ ಮತ್ತೇನಿಲ್ಲ. ಅಲ್ಲೂ ಕಷ್ಟವೇನಲ್ಲ. ತೆಳ್ಳಗೆ ಬಡಿದು ಎರಡೂ ಬದಿ ಬೇಯಿಸಿ, ಉರಿ ಸಣ್ಣದು ಮಾಡಿ, ಮಡಚಿದ ಬಟ್ಟೆಯಿಂದ ಒತ್ತುತ್ತ ತಿರುವಬೇಕು. ಬೆರಳಿನಿಂದ ಬಡಿದರೆ ಟಣ್ ಎನ್ನುವಂತಾದಾಗ ಇಳಿಸಿ ಬಟ್ಟೆಯ ಮೇಲೆ ಬಿಡಿಬಿಡಿಯಾಗಿ ಹರವಬೇಕು. ಬಿಸಿ ಇದ್ದಾಗಲೇ ಒಂದರ ಮೇಲೊಂದು ಪೇರಿಸಿದರೆ ಬೆವೆತು ಮೆತ್ತಗಾಗುತ್ತವೆ, ಬೂಸ್ಟು ಬರುವುದೂ ಹಾಗೆಯೇ. ಹಿಟ್ಟು ಹೊಸದಾಗಿ ಬೀಸಿಸಿದ್ದಾಗಿರಲಿ. ಹಳೆಯ ಹಿಟ್ಟಿಗೆ ಜಿಗಿ ಇರುವುದಿಲ್ಲ, ಬಡಿಯುವಾಗಲೇ ಹರಿಯುತ್ತದೆ. ಸಜ್ಜಿ ಹಿಟ್ಟಿನಲ್ಲಿ ಜಿಡ್ಡು ಹೆಚ್ಚು, ಬೇಗ ಕಹಿಯಾಗುತ್ತದೆ. ಸಜ್ಜಿ ರೊಟ್ಟಿಯನ್ನು ನೆಂಟರು ಬರುವ ಎರಡು ಮೂರು ದಿನ ಮುಂಚೆ ಮಾಡಿದರೆ ಸಾಕು.

ಚಟ್ನಿಪುಡಿಗಳದೂ ಇದೇ ಲೆಕ್ಕ. ಶೇಂಗಾ, ಗುರೆಳ್ಳು, ಅಗಸಿ, ಪುಟಾಣಿ, ಎಲ್ಲವೂ ಹುರಿದು ನೀರಿನಂಶ ಕಳೆದುಕೊಂಡವು. ಪುಟಾಣಿ ಬಿಟ್ಟು ಉಳಿದವೆಲ್ಲ ಎಣ್ಣೆಕಾಳುಗಳು. ಅವನ್ನು ಕೆಡಿಸುವುದು ಬೂಸ್ಟಿಗಿಂತ ಹೆಚ್ಚಾಗಿ ಕಮಟು. ಕುಟ್ಟಿದ ಕೂಡಲೇ ಎಣ್ಣೆ ಹೊರಬಂದು ಗಾಳಿಗೆ ಸಿಗುತ್ತದೆ, ಅಲ್ಲಿಂದ ಕಮಟು ಶುರು. ಅಗಸಿಯ ಎಣ್ಣೆ ಈ ಎಲ್ಲದರಲ್ಲಿ ಬೇಗ ಕೆಡುವಂಥದ್ದು. ಹುರಿದ ಕಾಳನ್ನು ಇಡಿಯಾಗಿ ಡಬ್ಬಿಯಲ್ಲಿಟ್ಟು, ಬೇಕಾದಷ್ಟನ್ನೇ ಆಗಾಗ ಕುಟ್ಟುವ ರೂಢಿ ಈ ಕಾರಣಕ್ಕೆ ಜಾಣತನದ್ದು. ಹಸಿ ಬೆಳ್ಳುಳ್ಳಿ ಹಾಕಿ ಕುಟ್ಟಿದ ಶೇಂಗಾ ಚಟ್ನಿಗೆ ರುಚಿ ಹೆಚ್ಚು, ಆಯುಷ್ಯ ಕಡಿಮೆ. ಅದನ್ನು ನೆಂಟರು ಬರುವ ಹಿಂದಿನ ದಿನ ಮಾಡಿ.

ಸಿಹಿಯಲ್ಲಿ ತಪ್ಪು ಆಯ್ಕೆಯೇ ಹೆಚ್ಚು. ನೆಂಟರೆಂದರೆ ಹೂರಣದ ಹೋಳಿಗೆ ಎಂದು ಹೊರಡುತ್ತೇವೆ. ಬೇಳೆ ಬೇಯಿಸಿ ರುಬ್ಬಿದ ಹೂರಣದಲ್ಲಿ ತೇವ ಹೆಚ್ಚು, ಎರಡನೇ ದಿನಕ್ಕೆ ನಂಬುವ ಹಾಗಿಲ್ಲ. ಶೇಂಗಾ ಹೋಳಿಗೆ, ಎಳ್ಳು ಹೋಳಿಗೆಯ ಒಳಗೆ ಇರುವುದು ಹುರಿದ ಪುಡಿ ಮತ್ತು ಬೆಲ್ಲ. ವಾರ ಮೀರಿದರೂ ಚಿಂತೆಯಿಲ್ಲ, ಎರಡನೇ ದಿನ ರುಚಿ ಇನ್ನೂ ಕೂಡಿಕೊಂಡಿರುತ್ತದೆ. ಅದಕ್ಕಿಂತ ಸಲೀಸು ಮಾದಲಿ. ಗೋಧಿ ತರಿಹಿಟ್ಟನ್ನು ರೊಟ್ಟಿ ಮಾಡಿ ಬೇಯಿಸಿ, ಪುಡಿ ಮಾಡಿ, ಬೆಲ್ಲ, ಪುಟಾಣಿ, ಒಣಕೊಬ್ಬರಿ, ಗಸಗಸೆ, ಏಲಕ್ಕಿ, ಶುಂಠಿ ಬೆರೆಸಿದರೆ ಮುಗಿಯಿತು. ಬಡಿಸುವಾಗ ಬಿಸಿ ಹಾಲು, ತುಪ್ಪ. ಬೇಸಿಗೆಯಲ್ಲಿ ಮಾಡಿಟ್ಟ ಶ್ಯಾವಿಗಿ ಮನೆಯಲ್ಲಿದ್ದರೆ ಹೇಳದೆ ಕೇಳದೆ ಬಂದ ಬೀಗರಿಗೂ ಹತ್ತು ನಿಮಿಷದಲ್ಲಿ ಬಸಿದು ಬಡಿಸಬಹುದು. ಏನೂ ಆಗದಿದ್ದರೆ ಹುನಗುಂದದ ದಾರಿಯಲ್ಲಿ ಅಮೀನಗಡವಿದೆ. ಕರದಂಟು ಕೊಂಡು ತಂದರೆ ಯಾರೂ ಹೀಗಳೆಯುವುದಿಲ್ಲ. ತುಪ್ಪದಲ್ಲಿ ಹುರಿದ ಅಂಟು, ಬೆಲ್ಲ, ಒಣಕೊಬ್ಬರಿ ಇರುವ ಅದು ನೆಂಟರ ಚೀಲದಲ್ಲಿ ಅವರ ಊರಿನವರೆಗೂ ಕೆಡದೆ ಹೋಗುತ್ತದೆ.

ಸಾವಿರಾರು ಜನಕ್ಕೆ ಹೀಗೆ ಉಣಿಸಲು ಸಾಧ್ಯವೇ ಎಂದು ಕೇಳುವವರು ಪಕ್ಕದ ಕೊಪ್ಪಳದ ಗವಿಮಠದ ಜಾತ್ರೆ ನೋಡಬೇಕು. ಅಲ್ಲಿನ ಮಹಾದಾಸೋಹಕ್ಕೆ ಊರೂರಿನ ಮನೆಗಳಲ್ಲಿ ಮುಂಚೆಯೇ ರೊಟ್ಟಿ ಬಡಿದು ಒಣಗಿಸಿ ಟ್ರ್ಯಾಕ್ಟರುಗಳಲ್ಲಿ ಕಳಿಸುತ್ತಾರೆ. ರೊಟ್ಟಿಗಳ ಲೆಕ್ಕ ಲಕ್ಷಗಳಲ್ಲಿ. ಮಾದಲಿಯೂ ಹಾಗೇ ಬರುತ್ತದೆ. ಅನ್ನ ಸಾರು ಮಾತ್ರ ಅಲ್ಲಿಯೇ ಬೇಯುತ್ತದೆ. ಮಿರ್ಚಿ ಬಡಿಸುವ ದಿನ ಸಾಲು ಬಾಣಲೆಗಳಲ್ಲಿ ಆಗಲೇ ಕರಿದು ಹಾಕುತ್ತಾರೆ. ಒಣಗಿಸಿದ್ದು ಮನೆಗಳಿಂದ ಬರಬೇಕು, ಹಸಿಯದು ಸ್ಥಳದಲ್ಲೇ ಆಗಬೇಕು ಎನ್ನುವ ಈ ಹಂಚಿಕೆ ಇರದಿದ್ದರೆ ಆ ದಾಸೋಹ ಒಂದು ದಿನವೂ ನಡೆಯದು. ಹತ್ತು ಜನರ ಮನೆಗೂ ಸೂತ್ರ ಅದೇ. ಇಳಕಲ್ಲಿನ ನೇಕಾರ ಹಾಸು ಹೂಡಿಯಾದ ಮೇಲೆ ಮಗ್ಗದ ಮುಂದೆ ಕೂತು ಹೊಕ್ಕು ಹಾಕಿದಂತೆ, ಒಣ ಪದಾರ್ಥ ಮೊದಲೇ ಹೂಡಿಟ್ಟುಕೊಂಡರೆ ನೆಂಟರು ಬಂದ ಮೇಲೆ ಉಳಿಯುವುದು ನಾಲ್ಕೆಳೆಯ ಕೆಲಸ.

ಲೆಕ್ಕ ಹಾಕಿಯೇ ನೋಡೋಣ. ಮನೆಯವರು ನಾಲ್ಕು, ನೆಂಟರು ಆರು, ಎರಡು ರಾತ್ರಿಯ ವಸ್ತಿ. ಎರಡು ರಾತ್ರಿಯೂಟ, ನಡುವೆ ಒಂದು ಬುತ್ತಿ, ಎರಡು ಬೆಳಗಿನ ನಾಷ್ಟಾ. ಅನ್ನವೂ ಇರುವುದರಿಂದ ಊಟಕ್ಕೆ ತಲೆಗೆ ಎರಡು ಖಡಕ್ ರೊಟ್ಟಿ ಹಿಡಿದರೆ 60 ಬೇಕು. ಕೈ ಅಳತೆಯ ಮೇಲೆ ಒಂದು ಕಿಲೋ ಹಿಟ್ಟಿಗೆ 16ರಿಂದ 20 ರೊಟ್ಟಿ ಆಗುತ್ತವೆ. 4 ಕಿಲೋ ಬೀಸಿಸಿದರೆ ಮಕ್ಕಳು ನಡುನಡುವೆ ಮುರಿದುಕೊಂಡು ತಿನ್ನುವುದಕ್ಕೂ ಉಳಿಯುತ್ತದೆ. ಇದನ್ನು ವಾರದ ಮೊದಲು ಎರಡು ಕಂತಿನಲ್ಲಿ ಮುಗಿಸಿ. ಅದೇ ವಾರ ಗುರೆಳ್ಳು ಮತ್ತು ಪುಟಾಣಿ ಚಟ್ನಿ ಕಾಲು ಕಿಲೋ ಕಾಲು ಕಿಲೋ, ಮಾದಲಿ ಇಲ್ಲವೇ ಶೇಂಗಾ ಹೋಳಿಗೆ. ಎಣ್ಣೆಗಾಯಿಯ ಹೂರಣಕ್ಕೆ ಶೇಂಗಾ, ಎಳ್ಳು, ಒಣಕೊಬ್ಬರಿ, ಗುರೆಳ್ಳು ಹುರಿದು ಪುಡಿ ಮಾಡಿ ಮಸಾಲಿ ಖಾರ ಬೆರೆಸಿ ಒಂದು ಡಬ್ಬಿ ತುಂಬಿ. ಉಪ್ಪು, ಹುಣಸೆ, ಬೆಲ್ಲ ಆಮೇಲೆ.

ಹಿಂದಿನ ದಿನದ ಕೆಲಸ ಬೇರೆ. ಮಡಿಕೆ ಕಾಳು ಬೆಳಗ್ಗೆಯೇ ನೆನೆಸಿ ರಾತ್ರಿ ಬಟ್ಟೆಯಲ್ಲಿ ಕಟ್ಟಿದರೆ ಮರುದಿನ ಮೊಳಕೆ ಕೈಗೆ ಸಿಗುತ್ತದೆ. ಮೊಳಕೆ ಉದ್ದವಾಗುತ್ತಿದೆ ಅನ್ನಿಸಿದರೆ ಫ್ರಿಜ್ಜಿಗೆ ಹಾಕಿ, ಅಲ್ಲಿಗೆ ನಿಲ್ಲುತ್ತದೆ. ತೊಗರಿಬೇಳೆ ಬೇಯಿಸಿ ಕಡೆದು, ತಣಿಸಿ ಫ್ರಿಜ್ಜಿನಲ್ಲಿಡಿ. ಸಾರು ಕುದಿಸುವುದೂ ಒಗ್ಗರಣೆಯೂ ಮರುದಿನದ್ದು. ಹಸಿ ಬೆಳ್ಳುಳ್ಳಿಯ ಶೇಂಗಾ ಚಟ್ನಿ ಕುಟ್ಟಿ, ಹಾಲಿಗೆ ಹೆಪ್ಪು ಹಾಕಿ. ಮೆಂತ್ಯೆ, ಹಕ್ಕರಕಿ, ಉಳ್ಳಾಗಡ್ಡಿ ಸೊಪ್ಪು ತೊಳೆದು ನೀರು ಬಸಿದು ಬಟ್ಟೆಯಲ್ಲಿ ಸುತ್ತಿಡಿ. ಬನಶಂಕರಿ ಶಾಕಂಭರಿ; ತೇರಿನ ಹಿಂದಿನ ದಿನ ಪಲ್ಲೇದ ಹಬ್ಬಕ್ಕೆ ಆಕೆಗೆ 108 ಬಗೆಯ ತರಕಾರಿ ಏರಿಸುತ್ತಾರೆ. ಆ ಹಂಗಾಮಿನಲ್ಲಿ ಬಂದ ನೆಂಟರಿಗೆ ಹಸಿಸೊಪ್ಪು, ಗಜ್ಜರಿ, ಸೌತಿಕಾಯಿ ತಾಟಿನ ಬದಿಗೆ ಇಟ್ಟರೆ ಇನ್ನೊಂದು ಪಲ್ಯ ಮಾಡುವ ಗರಜೇ ಇಲ್ಲ.

ನೆಂಟರು ಬರುವ ದಿನ ಮಧ್ಯಾಹ್ನ 20 ಎಳೆ ಮುಳಗಾಯಿ ಸೀಳಿ ಉಪ್ಪುನೀರಿನಲ್ಲಿ ಹಾಕಿ, ಕಪ್ಪಾಗುವುದಿಲ್ಲ. ಸಂಜೆ ಹೂರಣ ತುಂಬಿ ಸಣ್ಣ ಉರಿಯಲ್ಲಿ ಬೇಯಲು ಇಟ್ಟರೆ ಅದರ ಪಾಡಿಗೆ ಅದು ಆಗುತ್ತದೆ. ಅವರು ಕೈಕಾಲು ತೊಳೆದು ಚಹಾ ಕುಡಿಯುವಷ್ಟರಲ್ಲಿ ಕುಕ್ಕರಿನಲ್ಲಿ ಅನ್ನ, ಇನ್ನೊಂದು ಉರಿಯಲ್ಲಿ ಸಾರಿಗೆ ಒಗ್ಗರಣೆ. ಕೊನೆಯ ಹೊತ್ತಿಗೆ ಒಲೆಯ ಮುಂದೆ ನಿಲ್ಲುವುದು ಅರ್ಧ ಗಂಟೆ. ಬೆಳಗಿನ ನಾಷ್ಟಾಕ್ಕೆ ಚುರುಮುರಿ ಸುಸಲಾ ಮಾಡಿ. ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ ರಾತ್ರಿಯೇ ಹೆಚ್ಚಿಟ್ಟು, ಪುಟಾಣಿ ಪುಡಿ ಮಾಡಿಟ್ಟಿದ್ದರೆ ಚುರುಮುರಿ ನೀರಲ್ಲಿ ಅದ್ದಿ ಹಿಂಡಿ ಬೆರೆಸುವುದಷ್ಟೇ. ಎರಡನೇ ದಿನಕ್ಕೆ ಪಡ್ಡಿನ ಹಿಟ್ಟು ರಾತ್ರಿ ಹುದುಗಲು ಬಿಡಿ. ಬಿಸಿಲು ಹೆಚ್ಚಿದ್ದರೆ ಜೋಳದ ಸಂಗಟಿ-ಮಜ್ಜಿಗೆಗೆ ಸಮನಾದುದಿಲ್ಲ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಸಾರಿದ ಮೇಲಂತೂ ಜೋಳ-ಸಜ್ಜಿ ಹುಡುಕಿಕೊಂಡು ತಿನ್ನುವವರು ಪೇಟೆಯಲ್ಲೇ ಹೆಚ್ಚಾಗಿದ್ದಾರೆ. ಇದು ಬಡವರ ಊಟ, ಬೀಗರಿಗೆ ಹೇಗೆ ಬಡಿಸುವುದು ಎಂಬ ಸಂಕೋಚ ನಮ್ಮದೇ ಹೊರತು ಅವರದಲ್ಲ.

ನಡುವಿನ ದಿನದ ಬುತ್ತಿ ಬಗ್ಗೆ ಎರಡು ಮಾತು. ಬಾದಾಮಿಯಿಂದ ಪಟ್ಟದಕಲ್ಲು ಸುಮಾರು 22 ಕಿಲೋಮೀಟರ್, ಅಲ್ಲಿಂದ ಐಹೊಳೆ. ಗುಡಿಯಿಂದ ಗುಡಿಗೆ ತಿರುಗುವವರಿಗೆ ಹಸಿವಾಗುವುದು ಹೋಟೆಲ್ ಇಲ್ಲದ ಜಾಗದಲ್ಲೇ. ಖಡಕ್ ರೊಟ್ಟಿ, ಚಟ್ನಿ, ಜುಣಕದ ವಡಿ, ಮೊಸರಿನ ಡಬ್ಬಿ ಇದ್ದರೆ ಮರದ ನೆರಳು ಸಾಕು. ಚಳಿಗಾಲವಾದರೆ ಬುತ್ತಿ ಅನ್ನವೂ ಆಗುತ್ತದೆ: ಆರಿದ ಅನ್ನಕ್ಕೆ ಹೆಚ್ಚು ಹಾಲು, ಒಂದು ಚಮಚ ಮೊಸರು ಕಲಸಿದರೆ ಮಧ್ಯಾಹ್ನಕ್ಕೆ ಹದವಾಗಿ ಹೆಪ್ಪಾಗಿರುತ್ತದೆ, ಹುಳಿಯಾಗಿರುವುದಿಲ್ಲ. ಬಾದಾಮಿ ಗುಹೆಗಳಿಗೆ ಮಾತ್ರ ಬುತ್ತಿ ಚೀಲ ಒಯ್ಯಬೇಡಿ. ಅಲ್ಲಿನ ಮಂಗಗಳು ಕರೆಯದೆ ಬರುವ ನೆಂಟರು, ಬಡಿಸುವವರೆಗೆ ಕಾಯುವುದಿಲ್ಲ.

ಮುಂಚಿತವಾಗಿ ಮಾಡುವುದೆಂದರೆ ಎಲ್ಲವನ್ನೂ ಮುಂಚೆ ಮಾಡುವುದಲ್ಲ. ನಮ್ಮಲ್ಲಿ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಬೇಯಿಸಿದ ಹಸಿ ಅಡುಗೆ ಕೋಣೆಯ ಶಾಖದಲ್ಲಿ 2 ಗಂಟೆಗಿಂತ ಹೆಚ್ಚು ಇರಬಾರದು, 5 ಡಿಗ್ರಿಗಿಂತ ಕೆಳಗೆ ತಣ್ಣಗೆ ಅಥವಾ 60 ಡಿಗ್ರಿಗಿಂತ ಮೇಲೆ ಬಿಸಿಯಾಗಿ ಇರಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅನ್ನದ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಅಕ್ಕಿಯಲ್ಲಿರುವ ಒಂದು ಬಗೆಯ ಸೂಕ್ಷ್ಮಾಣುವಿನ ಬೀಜಕಗಳು ಕುದಿಯಲ್ಲೂ ಸಾಯುವುದಿಲ್ಲ. ಅನ್ನ ಬೆಚ್ಚಗೆ ಹೊರಗೇ ಉಳಿದರೆ ಬೆಳೆದು ವಿಷ ಬಿಡುತ್ತವೆ, ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ರಾತ್ರಿ ಉಳಿದ ಅನ್ನವನ್ನು ಪಾತ್ರೆಯಲ್ಲೇ ಬಿಟ್ಟು ಬೆಳಗ್ಗೆ ಚಿತ್ರಾನ್ನ ಮಾಡಿ ನೆಂಟರಿಗೆ ಕೊಡುವ ಸಾಹಸ ಬೇಡ. ಉಳಿದ ಎಣ್ಣೆಗಾಯಿ ಮರುದಿನ ರುಚಿಯೇ ಹೆಚ್ಚು, ಆದರೆ ಉಂಡ ಕೂಡಲೇ ಅಗಲ ಪಾತ್ರೆಗೆ ಸುರಿದು ಆರಿಸಿ ಫ್ರಿಜ್ಜಿಗೆ ಹೋಗಿರಬೇಕು, ಬಡಿಸುವ ಮುಂಚೆ ಕುದಿ ಬಂದಿರಬೇಕು. ಏಪ್ರಿಲ್-ಮೇ ತಿಂಗಳ ಬುತ್ತಿಯಲ್ಲಿ ಪಲ್ಯವನ್ನೇ ಬಿಟ್ಟು ರೊಟ್ಟಿ, ಪುಡಿ, ಖಾರ, ಕರದಂಟು ಕಟ್ಟುವುದು ಒಳಿತು.

ಕೊನೆಗೆ ಉಳಿಯುವ ಪ್ರಶ್ನೆ, 60 ರೊಟ್ಟಿ ಬಡಿಯುವವರು ಯಾರು? ಒಲೆಯ ಮುಂದಿನ ಕೆಲಸವನ್ನು ವಾರದ ಹಿಂದಕ್ಕೆ ತಳ್ಳಿ ಅದೇ ಹೆಂಗಸಿನ ತಲೆಗೆ ಕಟ್ಟಿದರೆ ಇದರಿಂದ ಆದ ಉಪಕಾರವೇನೂ ಇಲ್ಲ. ಮುಂಚಿನ ಕೆಲಸದ ಲಾಭವೇ ಅದನ್ನು ಹಂಚಬಹುದು ಎನ್ನುವುದರಲ್ಲಿದೆ. ಪೂರಿ ಕರಿಯುವ ಗಡಿಬಿಡಿಯಲ್ಲಿ ಕೈ ಹಾಕಲು ಯಾರನ್ನೂ ಕರೆಯುವ ಹಾಗಿಲ್ಲ. ಶೇಂಗಾ ಹುರಿದು ಸಿಪ್ಪೆ ಊದುವುದು, ಬೆಳ್ಳುಳ್ಳಿ ಬಿಡಿಸುವುದು, ಕೊಬ್ಬರಿ ಹೆರೆಯುವುದು, ಗಿರಣಿಗೆ ಹೋಗಿ ಹಿಟ್ಟು ಬೀಸಿಸಿ ತರುವುದು, ಇವನ್ನು ಟಿವಿ ನೋಡುತ್ತ ಕೂತ ಗಂಡಸರೂ ಮಕ್ಕಳೂ ಮಾಡಬಹುದು. ರೊಟ್ಟಿ ಬಡಿದು ಮಾರುವ ಹೆಂಗಸರು ಈಗ ಊರೂರಿಗೆ ಇದ್ದಾರೆ, ಅವರಿಂದ ಖಡಕ್ ರೊಟ್ಟಿ ಕೊಂಡರೆ ನೆಂಟಸ್ತಿಕೆಗೆ ಕುಂದಿಲ್ಲ. ಅವರ ದುಡಿಮೆಗೂ ಬೆಲೆ ಬಂತು. ಮನೆಗೆ ಬಂದ ಮೇಲೆ ಸೊಪ್ಪು ಬಿಡಿಸುತ್ತ ಹರಟೆ ಹೊಡೆಯಲು ನೆಂಟರೂ ಇದ್ದೇ ಇದ್ದಾರೆ.

ನೆಂಟರು ಹೋದ ಮರುದಿನ ಮಾಡಬೇಕಾದ ಒಂದು ಕೆಲಸ ಉಳಿಯುತ್ತದೆ. ಡಬ್ಬಿಗಳನ್ನು ತೊಳೆದು ಬಿಸಿಲಿಗೆ ಒಣಗಿಸಿ, ಎಷ್ಟು ಮಾಡಿದ್ದೆವು, ಎಷ್ಟು ಖರ್ಚಾಯಿತು, ಯಾವುದು ಯಾರೂ ಮುಟ್ಟದೆ ಉಳಿಯಿತು ಎಂದು ಕ್ಯಾಲೆಂಡರಿನ ಹಿಂದೆ ಬರೆದಿಡುವುದು. ಆಮೇಲೆ ಮನೆಖರ್ಚಿಗೆಂದು ಮಾಡುವ ರೊಟ್ಟಿ-ಚಟ್ನಿಯನ್ನೇ ಒಂದು ಹಿಡಿ ಹೆಚ್ಚು ಮಾಡುತ್ತ ಡಬ್ಬಿ ತುಂಬುತ್ತ ಬಂದರೆ ಆಯಿತು. ಮುಂದಿನ ಸಲ ‘ನಾಳೆ ನಸುಕಿನ ರೈಲಿಗೆ ಬಾದಾಮಿಗೆ ಇಳೀತೀವಿ’ ಎಂದು ಫೋನು ಬಂದಾಗ, ಬರ್ರಿ ಎನ್ನುವ ಮುಂಚೆ ಯಾರೂ ಅಡುಗೆಮನೆಯ ಕಡೆ ತಿರುಗಿ ನೋಡಬೇಕಾಗುವುದಿಲ್ಲ.